ತಟ್ಟೆ ನಮ್ಮ ಕೈಗೆ ಬಂದ ಮೇಲೆ: ನನ್ನ ಅನುಭವ

ಮಗನಿಗೆ ಅನೋರೆಕ್ಸಿಯಾ, ಅಂದರೆ ದಪ್ಪಗಾಗುವ ಭಯದಲ್ಲಿ ಊಟವನ್ನೇ ಬಿಡುವ ಮಾನಸಿಕ ಕಾಯಿಲೆ, ಅಂತ ಗೊತ್ತಾಗಿ ಎರಡೂಕಾಲು ವರ್ಷ ಆಯಿತು. ಹೋದ ತಿಂಗಳು ಡಾಕ್ಟರು ಫೈಲ್ ಮುಚ್ಚಿ, "ಇನ್ನು ಮೂರು ತಿಂಗಳಿಗೊಮ್ಮೆ ಬಂದರೆ ಸಾಕು" ಅಂದರು. ಅವತ್ತೇ ಇದನ್ನು ಬರೆಯಲು ಕೂತೆ. ಅವನ ಊಟದ ಹೊಣೆಯನ್ನು ಪೂರ್ತಿ ನಾವೇ ಹೊತ್ತದ್ದು ನೋಡಿ "ಹೀಗೆಲ್ಲ ಮಾಡಿದರೆ ಹುಡುಗ ನಿಮ್ಮ ಮುಖ ನೋಡಲ್ಲ" ಅಂದವರು ಒಬ್ಬಿಬ್ಬರಲ್ಲ. ನನ್ನ ಸ್ವಂತ ಅಣ್ಣನೂ ಅಂದಿದ್ದ. ಈಗ ಅವನೇ ಬೇರೆಯವರಿಗೆ ನನ್ನ ನಂಬರು ಕೊಡುತ್ತಿದ್ದಾನೆ. ಇರಲಿ.

ಇದನ್ನು ಓದುವವರಲ್ಲಿ ಹೆಚ್ಚಿನವರು ಈಗಾಗಲೇ ಇಂಥ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿ ಇರುವವರೇ. ಎಫ್‌ಬಿಟಿ, ಅಂದರೆ ಕುಟುಂಬವೇ ನಡೆಸುವ ಚಿಕಿತ್ಸೆ, ನಿಮಗೆ ಗೊತ್ತು: ಮೊದಲು ಊಟದ ಹೊಣೆ ಪೂರ್ತಿ ಹೆತ್ತವರದ್ದು, ಆಮೇಲೆ ಅದನ್ನು ನಿಧಾನವಾಗಿ ಮಗುವಿಗೆ ಮರಳಿಸುವುದು, ಕೊನೆಗೆ ವಯಸ್ಸಿಗೆ ತಕ್ಕ ಬದುಕಿಗೆ ಮರಳುವುದು. 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ಬೆಳೆದ ಪದ್ಧತಿ ಅದು. ಪಾಠ ಮಾಡಲು ಹೋಗುವುದಿಲ್ಲ. ತೂಕದ ಅಂಕಿ, ಕ್ಯಾಲೊರಿ ಲೆಕ್ಕವನ್ನೂ ಬರೆಯುವುದಿಲ್ಲ. ಮಕ್ಕಳು ಇಂಥದ್ದನ್ನು ಹುಡುಕಿ ಓದುತ್ತಾರೆ. ಕಾಯಿಲೆಗೆ ಒಂದು ಅಂಕಿ ಸಿಕ್ಕರೆ ಸಾಕು, ಅದರ ಜೊತೆ ಪೈಪೋಟಿಗೆ ಇಳಿಯುತ್ತದೆ.

ಮೊದಲು ನನ್ನ ಸೋಲುಗಳ ಪಟ್ಟಿ. ಅದೇ ಉದ್ದ ಇದೆ.

ಶುರುವಾದಾಗ ಅವನಿಗೆ 14. ಓಟದ ಅಭ್ಯಾಸ, "ಆರೋಗ್ಯಕರ" ಊಟ, ಸಿಹಿ ಬೇಡ. ನಾವು ಮೆಚ್ಚಿಕೊಂಡೆವು! ನೆಂಟರ ಮುಂದೆ ಹೇಳಿಕೊಂಡೆವು ಕೂಡ. ನಾಲ್ಕು ತಿಂಗಳಾದ ಮೇಲೆ, ಬಿಸಿಲಲ್ಲೂ ಸ್ವೆಟರ್ ಹಾಕಿ ಕೂರಲು ಶುರು ಮಾಡಿದಾಗ ಡಾಕ್ಟರ ಹತ್ತಿರ ಹೋದೆವು. ಮೊದಲು ನೋಡಿದವರು "ಹುಡುಗರಿಗೆ ಇದು ಬರಲ್ಲ, ಬೆಳೆಯೋ ವಯಸ್ಸು" ಅಂತ ಟಾನಿಕ್ ಬರೆದುಕೊಟ್ಟರು. ಬರುತ್ತದೆ. ಹುಡುಗರಿಗೂ ಬರುತ್ತದೆ, ಆದರೆ ಯಾರೂ ಹುಡುಕುವುದಿಲ್ಲ. ಆ ಒಂದು ಮಾತು ನಮ್ಮ ಎರಡು ತಿಂಗಳು ತಿಂದಿತು.

ಆಮೇಲೆ ವಾರಕ್ಕೊಂದು ಕೌನ್ಸೆಲಿಂಗ್. ಐದು ತಿಂಗಳು, ತಿಂಗಳಿಗೆ ನನ್ನ ಸಂಬಳದ ಮೂರನೇ ಒಂದು ಭಾಗ ಹತ್ತಿರ ಹತ್ತಿರ. ಅವರ ಮಾತು ಒಂದೇ: "ಅವನೇ ಮನಸ್ಸು ಮಾಡಬೇಕು, ನೀವು ಊಟದ ವಿಷಯ ಎತ್ತಬೇಡಿ." ನಾವು ಎತ್ತಲಿಲ್ಲ. ಅವನು ಮನಸ್ಸೂ ಮಾಡಲಿಲ್ಲ. ಹಸಿದ ಮಿದುಳಿಗೆ ಮನಸ್ಸು ಮಾಡುವ ಶಕ್ತಿ ಎಲ್ಲಿಂದ ಬರಬೇಕು, ಅಲ್ವಾ? ಆದರೆ ಆಗ ನನಗೆ ಇದು ಹೊಳೆದಿರಲಿಲ್ಲ. ದುಡ್ಡು ಕೊಟ್ಟು ಹೊರಗಿನ ಕುರ್ಚಿಯಲ್ಲಿ ಕಾಯುತ್ತಿದ್ದೆ.

ಮಧ್ಯದಲ್ಲಿ ಒಬ್ಬ ಡಯೆಟಿಷಿಯನ್. ಯಾವ ಪದಾರ್ಥದಲ್ಲಿ ಎಷ್ಟು ಕ್ಯಾಲೊರಿ ಅಂತ ಅಚ್ಚು ಹಾಕಿದ ಚಾರ್ಟನ್ನು ನೇರ ಹುಡುಗನ ಕೈಗೇ ಕೊಟ್ಟರು. ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ ಆಯಿತು. ಮೂರು ದಿನದಲ್ಲಿ ಬಾಯಿಪಾಠ ಆಗಿತ್ತು. ಮುಂದಿನ ಒಂದು ವರ್ಷ ಆ ಚಾರ್ಟನ್ನು ಅವನ ತಲೆಯಿಂದ ತೆಗೆಯಲು ಒದ್ದಾಡಿದ್ದೇವೆ.

ಇನ್ನೊಂದು ಹೇಳಲೇಬೇಕು, ನಾಚಿಕೆಯಾದರೂ. ತೂಕ ಏರಿದರೆ ಹೊಸ ಸೈಕಲ್ ಅಂತ ಆಸೆ ತೋರಿಸಿದೆ. ಸ್ವಲ್ಪ ಏರಿತು. (ನಿಜಕ್ಕೂ ಏರಿರಲಿಲ್ಲ, ನಾನು ಮೋಸ ಹೋಗಿದ್ದೆ. ಹೇಗೆ ಅಂತ ಬರೆಯಲ್ಲ.) ಸೈಕಲ್ ತಂದೆ, ಒಳ್ಳೆಯದೇ ತಂದೆ, ಅರ್ಧ ತಿಂಗಳ ಸಂಬಳ ಹೋಯಿತು. ಅವನು ಅದನ್ನು ಏರಿ ಬೆಳಗಿನ ಜಾವ ನಾಲ್ಕೂವರೆಗೆ ಹೊರಟುಬಿಡುತ್ತಿದ್ದ. ಇದ್ದ ಚೂರು ಶಕ್ತಿಯನ್ನೂ ಸುಡಲು ನಾನೇ ಯಂತ್ರ ಕೊಡಿಸಿದ್ದೆ.

ಹದಿಮೂರನೇ ವಾರ ಇರಬೇಕು, ಕೌನ್ಸೆಲಿಂಗ್ ಶುರುವಾದ ಮೇಲೆ, ಅವನು ಬಚ್ಚಲಲ್ಲಿ ತಲೆಸುತ್ತಿ ಬಿದ್ದ. ಆದರೂ ಇನ್ನೂ ಎರಡು ತಿಂಗಳು ಅದನ್ನೇ ಮುಂದುವರಿಸಿದೆವು ಅಂದರೆ ನೋಡಿ. ಎರಡನೇ ಸಲ ಬಿದ್ದಾಗ ನಾಡಿ ನಿಮಿಷಕ್ಕೆ 50ರ ಕೆಳಗಿತ್ತು. ಅವತ್ತೇ ಅಡ್ಮಿಟ್, ಒಂಬತ್ತೋ ಹತ್ತೋ ದಿನ. ಆಸ್ಪತ್ರೆಯಲ್ಲಿ ಊಟವನ್ನು ಹಂತಹಂತವಾಗಿ ಏರಿಸಿದರು, ದಿನಾ ರಕ್ತ ತೆಗೆದರು. ತುಂಬಾ ದಿನ ಹಸಿದ ದೇಹಕ್ಕೆ ಒಮ್ಮೆಗೇ ಊಟ ಸುರಿದರೆ ರಕ್ತದಲ್ಲಿ ಫಾಸ್ಫೇಟ್ ಕುಸಿಯುತ್ತದೆ, ಹೃದಯಕ್ಕೇ ಏಟು ಬೀಳುತ್ತದೆ. ರೀಫೀಡಿಂಗ್ ಸಿಂಡ್ರೋಮ್ ಅಂತ ನೀವು ಕೇಳಿರುತ್ತೀರಿ. ನಾನು ಮುಂದೆ ಬರೆಯುವುದೆಲ್ಲ ಆ ಗಂಡಾಂತರ ದಾಟಿದ ಮೇಲಿನ ಕಥೆ. ಡಾಕ್ಟರ ಕಣ್ಣಿಲ್ಲದೆ ಮನೆಯಲ್ಲಿ ಶುರು ಮಾಡಬೇಡಿ.

ಅಲ್ಲಿದ್ದ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಮೊದಲ ಸಲ ನನಗೆ ಅರ್ಥವಾಗುವ ಹಾಗೆ ಹೇಳಿದರು. 1944-45ರಲ್ಲಿ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವವರು 36 ಜನ ಗಟ್ಟಿಮುಟ್ಟು ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದ್ದರಂತೆ. ಅವರಿಗೆ ಯಾವ ಮಾನಸಿಕ ಕಾಯಿಲೆಯೂ ಇರಲಿಲ್ಲ. ಆದರೂ ಹಸಿವು ಏರಿದ ಹಾಗೆ ಅಡುಗೆ ಪುಸ್ತಕ ಕೂಡಿಡಲು ಶುರು ಮಾಡಿದರು, ತಟ್ಟೆಯ ಮುಂದೆ ಗಂಟೆಗಟ್ಟಲೆ ಕೂತರು, ಸಿಡುಕಿದರು, ಮಂಕಾದರು. ನನಗೆ ಮೈ ಜುಮ್ಮೆಂದಿತು. ನನ್ನ ಮಗ ರಾತ್ರಿಯೆಲ್ಲ ಅಡುಗೆ ವಿಡಿಯೊ ನೋಡುತ್ತಿದ್ದ, ಮನೆಮಂದಿಗೆಲ್ಲ ಮಾಡಿ ಬಡಿಸುತ್ತಿದ್ದ, ತಾನು ಮುಟ್ಟುತ್ತಿರಲಿಲ್ಲ. ಅದನ್ನು ನಾವು ಹವ್ಯಾಸ ಅಂದುಕೊಂಡಿದ್ದೆವು. ಅದು ಹಸಿವು.

ಮನೆಗೆ ಬಂದ ದಿನವೇ ತಟ್ಟೆ ನಮ್ಮ ಕೈಗೆ ಬಂತು. ಏನು, ಎಷ್ಟು, ಯಾವಾಗ, ಮೂರೂ ನಮ್ಮದು. ಅಡುಗೆಮನೆಗೆ ಅವನಿಗೆ ಪ್ರವೇಶವಿಲ್ಲ. ದಿನಕ್ಕೆ ಮೂರು ಊಟ, ಮೂರು ತಿಂಡಿ. ನಾನು ಸಂಬಳವಿಲ್ಲದ ರಜೆ ಹಾಕಿದೆ, 11 ವಾರ. ಹೆಂಡತಿ ಅರ್ಧ ದಿನದ ಕೆಲಸಕ್ಕೆ ಇಳಿದಳು. ಎರಡನೇ ಗಾಡಿ ಮಾರಿದೆವು. ಎರಡು ವರ್ಷ ಕೂಡಿಟ್ಟದ್ದು ಆರು ತಿಂಗಳಲ್ಲಿ ಖಾಲಿ. ಕೆಲಸ ಮಾಡದ ಚಿಕಿತ್ಸೆಗೆ ಅದಕ್ಕೂ ಮೊದಲು ಸುರಿದದ್ದೂ ಕಡಿಮೆಯೇನಲ್ಲ. ರಜೆಯನ್ನು ಮೊದಲೇ ಹಾಕಿದ್ದರೆ ಗಾಡಿ ಉಳಿಯುತ್ತಿತ್ತು.

ಮೊದಲ ಊಟ ಎರಡು ಗಂಟೆ ನಲವತ್ತು ನಿಮಿಷ ಹಿಡಿಯಿತು. ತಟ್ಟೆ ಹಾರಿತು. ಇನ್ನೊಂದು ಬಡಿಸಿದೆ, ಅಷ್ಟೇ ಪ್ರಮಾಣ. ಅದೂ ಹಾರಿತು. ಮೂರನೆಯದನ್ನು ಅಳುತ್ತಾ ತಿಂದ. ಆ ವಾರ ಐದಾರು ತಟ್ಟೆ ಒಡೆದ ಮೇಲೆ ಒಡೆಯದವನ್ನು ತಂದೆ. "ನಿನ್ನನ್ನು ಎಂದೂ ಕ್ಷಮಿಸಲ್ಲ" ಅಂದ. "ಸರಿ, ಈ ತುತ್ತು ತಿಂದು ಆಮೇಲೆ ಕ್ಷಮಿಸಬೇಡ" ಅಂದೆ. ಹೆಂಡತಿ ಒಳಗೆ ಹೋಗಿ ಅತ್ತಳು. ನಾನು ರಾತ್ರಿ ಅತ್ತೆ. ಎದುರಿಗೆ ಅಳಬಾರದು ಅನ್ನುವುದು ನಮ್ಮೊಳಗಿನ ಒಪ್ಪಂದವಾಗಿತ್ತು.

ಒಂದು ವಿಷಯ ಸ್ಪಷ್ಟವಾಗಿ ಹೇಳುತ್ತೇನೆ: ಬಾಯಿಗೆ ತುರುಕಿಲ್ಲ. ಒಂದು ದಿನವೂ ಕೈ ಎತ್ತಿಲ್ಲ. ಕೂತೆವು, ಅಷ್ಟೇ. ಅವನು ಮುಗಿಸುವವರೆಗೆ ನಾವೂ ಏಳುವುದಿಲ್ಲ, ಬೇರೆ ಯಾವ ಕೆಲಸವೂ ನಡೆಯುವುದಿಲ್ಲ. ಶಾಲೆ ಇಲ್ಲ, ಫೋನ್ ಇಲ್ಲ, ಓಟ ಇಲ್ಲ. ಕೋಪದಿಂದ ಅಲ್ಲ. ಜ್ವರ ಬಂದವನನ್ನು ಮಲಗಿಸುತ್ತೇವಲ್ಲ, ಹಾಗೆ.

ಆ ಹೊತ್ತಿನಲ್ಲಿ ವಾದ ಮಾಡುವುದೇ ನನ್ನ ದೊಡ್ಡ ಚಟ. ಲಂಡನ್ನಿನ ಮನೋವೈದ್ಯೆ ಜಾನೆಟ್ ಟ್ರೆಷರ್ ಮತ್ತು ಅವರ ತಂಡ ಆರೈಕೆ ಮಾಡುವವರನ್ನು ಪ್ರಾಣಿಗಳಿಗೆ ಹೋಲಿಸಿದ್ದಾರೆ. ಕಾಂಗರೂ ಅತಿಯಾಗಿ ಕಾಪಾಡುವುದು, ಆಸ್ಟ್ರಿಚ್ ತಲೆ ಹುದುಗಿಸುವುದು, ಘೇಂಡಾಮೃಗ ತರ್ಕದಿಂದ ನುಗ್ಗುವುದು. ನಾನು ಅಪ್ಪಟ ಘೇಂಡಾ. "ನೋಡು, ಮೂಳೆ ಸವೆಯುತ್ತೆ, ಹೃದಯ..." ಅಂತ ಶುರು ಮಾಡಿದರೆ ಅವನ ಕಾಯಿಲೆ ನನಗಿಂತ ಚೆನ್ನಾಗಿ ವಾದಿಸುತ್ತಿತ್ತು. ಹೆಂಡತಿ ಮೇಜಿನ ಕೆಳಗೆ ಕಾಲು ತುಳಿಯುವ ಏರ್ಪಾಡು ಮಾಡಿಕೊಂಡೆವು. ಮೊದಲ ತಿಂಗಳು ನನ್ನ ಕಾಲಿಗೆ ಬಾವು ಬಂದಿತ್ತು.

ಮಾತು ಐದಾರಕ್ಕೆ ಇಳಿಯಿತು. "ಗೊತ್ತು, ಕಷ್ಟ." "ಇನ್ನೊಂದು ತುತ್ತು." "ನಾನು ಇಲ್ಲೇ ಇದ್ದೀನಿ." ಅಷ್ಟೇ. ಗಿಳಿಪಾಠದ ಹಾಗೆ.

ಮಗನೇ ಬೇರೆ, ಕಾಯಿಲೆಯೇ ಬೇರೆ ಅಂತ ಕಾಣಲು ಈ ಕಾಯಿಲೆಗೆ ಬೇರೆ ಹೆಸರು ಕೊಡಿ ಅಂತ ಎಲ್ಲರೂ ಹೇಳುತ್ತಾರೆ. ನಾನು "ಬಾಡಿಗೆದಾರ" ಅಂದೆ. ಬಾಡಿಗೆ ಕೊಡಲ್ಲ, ಖಾಲಿ ಮಾಡಲ್ಲ, ಮೇಲಾಗಿ ಮನೆಯವರಿಗೇ ಊಟ ಬೇಡ ಅನ್ನುತ್ತಾನೆ. ಮೊದಮೊದಲು ಮಗನಿಗೆ ಸಿಟ್ಟು ಬರುತ್ತಿತ್ತು. ಆರನೇ ವಾರ ಒಂದು ಸಂಜೆ ಅವನೇ ತಟ್ಟೆ ನೋಡಿ "ಇವತ್ತು ಬಾಡಿಗೆದಾರ ಮಾಳಿಗೆ ಮೇಲೆ ಕುಣೀತಿದ್ದಾನೆ" ಅಂದ. ತಿಂಗಳುಗಳ ಮೇಲೆ ಅವನು ಮಾಡಿದ ಮೊದಲ ತಮಾಷೆ. ನಾನು ನೀರು ಕುಡಿಯುವ ನೆಪದಲ್ಲಿ ಎದ್ದು ಹೋದೆ.

ಊಟದ ಹೊತ್ತಿಗೆ ಏನು ನಡೆದರೆ ಬೇಗ ಮುಗಿಯುತ್ತದೆ ಅಂತ ಗಡಿಯಾರ ಇಟ್ಟು ನೋಡಿದೆ. ಸುಮ್ನೆ ಕೂತರೆ ಒಂದೂವರೆ ಗಂಟೆ. ಟಿವಿ ಹಾಕಿದರೆ ಎಪ್ಪತ್ತು ನಿಮಿಷದ ಆಸುಪಾಸು, ಆದರೆ ಕಣ್ಣು ತಪ್ಪಿಸಿ ಊಟ ಮಾಯವಾಗುವ ಸಂಭವ ಜಾಸ್ತಿ. ಹಿಂದಿನವರ ಕೊನೆಯ ಅಕ್ಷರದಿಂದ ಪದ ಹೇಳುವ ಆಟ ಆಡಿದರೆ ನಲವತ್ತು ನಿಮಿಷ. ಅದೇ ಗೆದ್ದಿತು. ಅವನ ತಂಗಿ ಅದರಲ್ಲಿ ಪಳಗಿಬಿಟ್ಟಳು. ಅವಳ ಕೆಲಸ ಆಟ ಮಾತ್ರ. ಅಣ್ಣ ತಿಂದನೋ ಇಲ್ಲವೋ ಅಂತ ಕಾಯುವ ಪೊಲೀಸ್ ಕೆಲಸ ಅವಳಿಗೆ ಕೊಡಲಿಲ್ಲ. ಹತ್ತು ವರ್ಷದವಳಿಗೆ ಅದು ಭಾರ. ದೊಡ್ಡ ತಟ್ಟೆಯಲ್ಲಿ ಬಡಿಸಿದರೆ ಅದೇ ಊಟ ಕಡಿಮೆ ಕಾಣುತ್ತದೆ, ಅದೂ ನಡೆಯಿತು. ಕನ್ನಡಿಗಳನ್ನು ತೆಗೆದದ್ದು ಮಾತ್ರ ದಂಡ. ಕಿಟಕಿ ಗಾಜಲ್ಲಿ ನೋಡಿಕೊಳ್ಳುತ್ತಿದ್ದ. ಮೂರು ವಾರಕ್ಕೆ ವಾಪಸ್ ಹಾಕಿದೆ. ತೂಕದ ಯಂತ್ರವನ್ನು ಎಸೆದದ್ದು ಒಳ್ಳೆಯದಾಯಿತು. ಕ್ಲಿನಿಕ್ಕಿನಲ್ಲಿ ಬೆನ್ನು ತಿರುಗಿಸಿ ನಿಲ್ಲಿಸಿ ತೂಕ ನೋಡುತ್ತಿದ್ದರು, ಅಂಕಿ ಅವನಿಗೆ ಹೇಳುತ್ತಿರಲಿಲ್ಲ.

ಊಟ ಹೆಚ್ಚಿಸದೆ ಶಕ್ತಿ ಹೆಚ್ಚಿಸುವುದಕ್ಕೆ ಕೊಬ್ಬು ಬೇಕೇ ಬೇಕು. ಏನನ್ನು ಯಾವುದರಲ್ಲಿ ಬೆರೆಸಿದೆ ಅಂತ ಬರೆಯಲ್ಲ. ಅಡಗಿಸಿಟ್ಟ ಊಟವನ್ನು ನಾನು ಪತ್ತೆ ಮಾಡುತ್ತಿದ್ದ ಉಪಾಯವನ್ನೂ ಬರೆಯಲ್ಲ. ಇದನ್ನು ನನ್ನ ಮಗನೂ ಓದುತ್ತಾನೆ, ನಿಮ್ಮ ಮಕ್ಕಳೂ ಓದಬಹುದು. ಊಟದ ಮೇಲೆ ಒಂದು ಗಂಟೆ ಜೊತೆಯಲ್ಲೇ ಇರಿ ಅಂತ ಮಾತ್ರ ಹೇಳುತ್ತೇನೆ.

ಕೆಲವು ವಿಷಯಗಳಿಗೆ ನಮ್ಮನ್ನು ಯಾರೂ ಸಿದ್ಧ ಮಾಡಿರಲಿಲ್ಲ. ಊಟ ಹೆಚ್ಚಾದರೂ ಕೆಲವು ವಾರ ತೂಕ ಅಲ್ಲಾಡಲಿಲ್ಲ. ದೇಹ ರಿಪೇರಿಗೆ ಇಳಿದಾಗ ಬೆಂಕಿಯ ಹಾಗೆ ಉರಿಸುತ್ತದೆ. ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರುತ್ತಿದ್ದ. ಹೊಟ್ಟೆ ಉಬ್ಬರ. ಮೊದಲು ಹೊಟ್ಟೆಯ ಸುತ್ತಲೇ ತುಂಬಿಕೊಂಡಿತು, ಆಮೇಲೆ ಎಲ್ಲ ಕಡೆ ಹರಡಿತು. ಆ ಎರಡು ತಿಂಗಳು ಅವನಿಗೆ ನರಕ. ಇನ್ನೊಂದು, "ಟಾರ್ಗೆಟ್ ತೂಕ" ಅಂತ ಗೋಡೆ ಕಟ್ಟಿಕೊಳ್ಳಬೇಡಿ. ಬೆಳೆಯುವ ಹುಡುಗನಿಗೆ ಗುರಿಯೂ ಬೆಳೆಯುತ್ತದೆ. ನಮ್ಮವನು ಆಮೇಲೆ ನಾಲ್ಕು ಬೆರಳು ಎತ್ತರವಾದ. ನಿಂತಿದ್ದ ಬೆಳವಣಿಗೆ ಮತ್ತೆ ಶುರುವಾಗಿತ್ತು.

ಹದಿನಾರು ವಾರ ಹೀಗೆ ನಡೆಯಿತು. ಲೆಕ್ಕ ಹಾಕಿ, 672 ಸಲ ಮೇಜಿನ ಮುಂದೆ ಕೂತಿದ್ದೇವೆ. ಒಂದನ್ನೂ ತಪ್ಪಿಸಿಲ್ಲ. ಜಂಬ ಅಂದುಕೊಂಡರೆ ಅಂದುಕೊಳ್ಳಿ. ಹತ್ತನೇ ವಾರದ ಹೊತ್ತಿಗೆ ಹಾಸ್ಯ ಮರಳಿತು, ಹನ್ನೆರಡಕ್ಕೆ ನಿದ್ದೆ. ಊಟದ ಭಯ ಹೋಗಲು ವರ್ಷ ಬೇಕಾಯಿತು. ದೇಹ ಮೊದಲು ಬರುತ್ತದೆ, ತಲೆ ತಡವಾಗಿ ಬರುತ್ತದೆ. ಆ ನಡುವಿನ ತಿಂಗಳುಗಳಲ್ಲಿ ನೋಡಿದವರೆಲ್ಲ "ಈಗ ಚೆನ್ನಾಗಿದ್ದಾನಲ್ಲ, ಬಿಟ್ಟುಬಿಡಿ" ಅನ್ನುತ್ತಾರೆ. ನಾನು ಒಮ್ಮೆ ಬಿಟ್ಟೆ. ಶಾಲೆಯಲ್ಲಿ ಒಬ್ಬನೇ ತಿನ್ನಲಿ ಅಂತ ಬಿಟ್ಟು ಎರಡೇ ವಾರಕ್ಕೆ ಜಾರಿದ. ಮತ್ತೆ ದಿನಾ ಮಧ್ಯಾಹ್ನ ಗೇಟಿನ ಹೊರಗೆ ಕಾರಲ್ಲಿ ಕೂತು ಊಟ ಮಾಡಿಸಿದೆ. ಸಹೋದ್ಯೋಗಿಗಳು ನಕ್ಕರು.

ಹದಿನಾಲ್ಕನೇ ತಿಂಗಳಲ್ಲಿ ಜ್ವರ ಬಂದು ಒಂದು ವಾರ ಊಟ ಸೇರಲಿಲ್ಲ. ಮಾಮೂಲಿ ಜ್ವರ. ಆದರೆ ತೂಕ ಇಳಿದ ತಕ್ಷಣ ಬಾಡಿಗೆದಾರ ಬಾಗಿಲು ತಟ್ಟಿದ. "ಇದು ಎಷ್ಟು ಎಣ್ಣೆ?" ಅನ್ನುವ ಹಳೆಯ ಪ್ರಶ್ನೆ ಕೇಳಿದ ಕೂಡಲೇ ಗುರುತು ಹಿಡಿದೆವು. ಮೂರೇ ದಿನದಲ್ಲಿ ತಟ್ಟೆ ಮತ್ತೆ ನಮ್ಮ ಕೈಗೆ. ಈ ಸಲ ಒಂದು ತಟ್ಟೆಯೂ ಹಾರಲಿಲ್ಲ.

ಸೈಕಲ್ ಇನ್ನೂ ಬೀಗ ಹಾಕಿಕೊಂಡು ಮೆಟ್ಟಿಲ ಕೆಳಗೆ ನಿಂತಿದೆ. ಕೀಲಿ ನನ್ನ ಹತ್ತಿರ. ಮೊನ್ನೆ ಕೇಳಿದ. ಮುಂದಿನ ಚೆಕಪ್ ಆಗಲಿ, ಡಾಕ್ಟರನ್ನು ಕೇಳೋಣ ಅಂದೆ. ಜಗಳಕ್ಕೆ ಸಿದ್ಧನಾಗಿಯೇ ಕೂತಿದ್ದೆ. ಅವನು "ಹೂಂ" ಅಂದ, ಫ್ರಿಜ್ ತೆರೆದ, "ನಿನ್ನೆಯದು ಉಳಿದಿದೆಯಾ, ಎಲ್ಲ ತಿಂದು ಮುಗಿಸಿದ್ರಾ?" ಅಂತ ಕೇಳಿದ.