ಕೊನೆಗೆ ಹಾದಿ ಬದಲಿಸುವ ಥ್ರಿಲ್ಲರನ್ನು ನಾಲ್ಕು ಮಂದಿಗೆ ತೋರಿಸುವ ಬಗೆ

‘10 ಕ್ಲೋವರ್‌ಫೀಲ್ಡ್ ಲೇನ್’ ಚಿತ್ರದ ಕೊನೆಯನ್ನು ಇಲ್ಲಿ ಬಿಚ್ಚಿಯೇ ಹೇಳುತ್ತೇನೆ. ತೋರಿಸುವವರಿಗೆ ಅದು ಗೊತ್ತಿರಬೇಕು, ನೋಡುವವರಿಗೆ ಗೊತ್ತಿರಬಾರದು. ನೀವಿನ್ನೂ ನೋಡಿಲ್ಲವೆಂದರೆ ಮೊದಲು ನೋಡಿ ಬನ್ನಿ.

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನನ್ನದು ಹೊಲಿಗೆ ಕ್ಲಾಸು. ಆಗಾಗ ಕಟಿಂಗ್ ಟೇಬಲ್ಲು ಗೋಡೆಗೆ ಸರಿಸಿ, ಬಿಳಿ ಅಸ್ತರು ಬಟ್ಟೆ ಕಟ್ಟಿ, ಕಲಿಯಲು ಬರುವ ಹುಡುಗಿಯರಿಗೂ ಅವರ ಅವ್ವಂದಿರಿಗೂ ಪಿಕ್ಚರ್ ಹಚ್ಚುತ್ತೇನೆ. ಥ್ರಿಲ್ಲರ್ ಅಂದರೆ ಎಲ್ಲರಿಗೂ ಜೀವ. ಆದರೆ ಕೊನೆಗೆ ಬೇರೆಯದೇ ಪಿಕ್ಚರ್ ಆಗಿಬಿಡುವಂಥದ್ದನ್ನು ತಯಾರಿಯಿಲ್ಲದೆ ಹಚ್ಚಿದರೆ ಕೊನೆಯ ಭಾಗದಲ್ಲಿ ಜನ ನಗುತ್ತಾರೆ, ಅಲ್ಲಿವರೆಗಿನ ಭಯವೂ ನೀರಿಗೆ ಹೋಗುತ್ತದೆ.

ಡ್ಯಾನ್ ಟ್ರಾಕ್ಟನ್‌ಬರ್ಗ್ ನಿರ್ದೇಶಿಸಿದ 2016ರ ಚಿತ್ರ ಇದು. ಕಾರು ಅಪಘಾತವಾಗಿ ಎಚ್ಚರ ತಪ್ಪಿದ ಮಿಶೆಲ್ ಕಣ್ಣು ಬಿಟ್ಟಾಗ ನೆಲಮಾಳಿಗೆಯ ಬಂಕರಿನಲ್ಲಿರುತ್ತಾಳೆ. ‘ಹೊರಗೆ ದಾಳಿಯಾಗಿದೆ, ಗಾಳಿಯೆಲ್ಲ ವಿಷ, ನಾನೇ ನಿನ್ನನ್ನು ಉಳಿಸಿದೆ’ ಅನ್ನುತ್ತಾನೆ ಬಂಕರಿನ ಯಜಮಾನ ಹೋವರ್ಡ್. ಉಳಿಸಿದನೋ, ಕೂಡಿಹಾಕಿದನೋ? ಪಿಕ್ಚರಿನ ಬಹುಭಾಗ ಇದೇ ಸಂಶಯ. ಕೊನೆಗೆ ಅವಳು ತಪ್ಪಿಸಿಕೊಂಡು ಹೊರಬಂದರೆ, ಆಕಾಶದಲ್ಲಿ ನಿಜವಾಗಿಯೂ ಅನ್ಯಗ್ರಹದ ನೌಕೆ!

ಹೆಸರು ಮೊದಲೇ ಹೇಳಬೇಡಿ. 2008ರ ‘ಕ್ಲೋವರ್‌ಫೀಲ್ಡ್’ ದೈತ್ಯಜೀವಿಯ ಪಿಕ್ಚರ್, ಹೆಸರು ಕೇಳಿದವರು ಅರ್ಧ ಊಹಿಸಿಬಿಡುತ್ತಾರೆ. ‘ಬಂಕರ್ ಪಿಕ್ಚರ್’ ಅನ್ನಿ, ಸಾಕು. ಇಂಥದ್ದು ಹೊಸತಾದ ಮಂದಿಗೆ ಮೊದಲೊಂದು ಸಲ ಪವನ್ ಕುಮಾರ್ ಅವರ ‘ಯೂ ಟರ್ನ್’ ತೋರಿಸಿ. ಬೆಂಗಳೂರಿನ ಫ್ಲೈಓವರಿನ ಸಾವುಗಳ ತನಿಖೆ ದೆವ್ವದ ಕಥೆಯಾಗುವುದನ್ನು ಒಪ್ಪಿದವರು ಇದನ್ನೂ ಒಪ್ಪುತ್ತಾರೆ. ಇಂಟರ್ವಲ್ ಬೇಡ. ಇರುವುದೇ 103 ನಿಮಿಷ. ಚಹಾ, ಗಿರ್ಮಿಟ್ ಮೊದಲೇ ಮುಗಿಸಿಬಿಡಿ. ನಡುವೆ ಎದ್ದರೆ ಬಂಕರಿನ ಉಸಿರುಗಟ್ಟುವಿಕೆ ಹೋಗುತ್ತದೆ, ಹೊರಬರುವ ಕ್ಷಣಕ್ಕೆ ಬೆಲೆಯೇ ಉಳಿಯುವುದಿಲ್ಲ.

ಮುಖ್ಯವಾದದ್ದು ನೋಡುವವರ ಕಣ್ಣನ್ನು ಎಲ್ಲಿ ನಿಲ್ಲಿಸುತ್ತೀರಿ ಎಂಬುದು. ನಾನು ಶುರುವಿಗೆ ಒಂದೇ ಮಾತು ಹೇಳುತ್ತೇನೆ: ‘ಆಕಿ ಕೈ ನೋಡ್ರಿ.’ ಮಿಶೆಲ್‌ಗೆ ಬಟ್ಟೆ ಡಿಸೈನ್ ಮಾಡುವ ಆಸೆ. ಆ ಕೈಯೇ ಅವಳನ್ನು ಉಳಿಸುವುದು. ಬಾತ್‌ರೂಮಿನ ಪರದೆ ಕತ್ತರಿಸಿ ಮೈತುಂಬ ಮುಚ್ಚುವ ಸೂಟು ಮಾಡುತ್ತಾಳೆ, ಟೇಪು ಹಚ್ಚುತ್ತಾಳೆ, ಪ್ಲಾಸ್ಟಿಕ್ ಬಾಟಲಿಯಿಂದ ಮುಖವಾಡ ಕಟ್ಟುತ್ತಾಳೆ. ಪ್ಲಾಸ್ಟಿಕ್ ಹಾಳೆಗೆ ಸೂಜಿ ಹಾಕಿದರೆ ಪ್ರತಿ ಟಾಕಿಗೂ ಒಂದು ತೂತು. ಅದರಲ್ಲಿ ಗಾಳಿ ನುಗ್ಗುತ್ತದೆ, ಎಳೆದರೆ ಆ ಸಾಲಿನಲ್ಲೇ ಹರಿಯುತ್ತದೆ. ಅದಕ್ಕೇ ಜೋಡಿನ ಮೇಲೆ ಟೇಪು ಬೇಕು. ನಮ್ಮ ಹುಡುಗಿಯರು ಇಲ್ಲಿ ಮುಂದಕ್ಕೆ ಬಾಗಿ ಕೂರುತ್ತಾರೆ. ನೌಕೆ ಬಂದಾಗಲೂ ಅವಳು ಮಾಡುವುದು ಇದೇ ಕೆಲಸ, ಕೈಗೆ ಸಿಕ್ಕದ್ದನ್ನು ಉಪಯೋಗಿಸುವುದು. ವಿಸ್ಕಿ ಬಾಟಲಿಯನ್ನೇ ಬೆಂಕಿ ಬಾಂಬು ಮಾಡಿ ಎಸೆಯುತ್ತಾಳೆ. ಸೂಟಿನಿಂದ ಬಾಟಲಿಯವರೆಗೆ ಅದೇ ಹೆಣ್ಣುಮಗಳು ಎಂದು ಕಂಡವರಿಗೆ ಎರಡನೇ ಪಿಕ್ಚರ್ ಅಂಟಿಸಿದಂತೆ ಅನ್ನಿಸುವುದಿಲ್ಲ.

ಇನ್ನೊಂದು ಎಳೆ ಓಡಿಹೋಗುವುದರದು. ಪಿಕ್ಚರ್ ಶುರುವಾಗುವುದೇ ಅವಳು ಉಂಗುರ ಬಿಟ್ಟು ಮನೆಯಿಂದ ಹೊರಡುವುದರಿಂದ. ಮುಂದೆ ಬಂಕರಿನಲ್ಲಿ, ಒಮ್ಮೆ ಅಪ್ಪನೊಬ್ಬ ಚಿಕ್ಕ ಮಗಳನ್ನು ಒರಟಾಗಿ ಎಳೆದಾಡುವುದನ್ನು ಕಂಡೂ ತಾನು ಏನೂ ಮಾಡದೆ ಹೋದೆ ಅನ್ನುತ್ತಾಳೆ. ಈ ಮಾತು ತಪ್ಪಿಸಿಕೊಂಡವರಿಗೆ ಕೊನೆ ದಕ್ಕುವುದಿಲ್ಲ. ಆ ಹೊತ್ತಿಗೆ ಹಿಂದಿನ ಸಾಲಿನ ಮಾತು ನಿಲ್ಲಿಸಿ.

ನೌಕೆ ಕಂಡೊಡನೆ ಯಾರಾದರೂ ‘ಅಕ್ಕಾರ, ಇದೇನ್ರಿ, ಪಿಕ್ಚರ್ ಬದಲಾತೇನ್ರಿ?’ ಅಂತ ಕೇಳಿಯೇ ಕೇಳುತ್ತಾರೆ. ಉತ್ತರ ಕೊಡಬೇಡಿ, ಪಿಕ್ಚರ್ ನಿಲ್ಲಿಸಬೇಡಿ. ಆದರೆ ಕಾರಿನ ರೇಡಿಯೊ ಮಾತಾಡುವಾಗ ಸೌಂಡು ಏರಿಸಿ, ಇಂಗ್ಲಿಷ್ ಬಾರದವರಿಗೆ ಮೆಲ್ಲಗೆ ಕನ್ನಡದಲ್ಲಿ ಹೇಳಿ: ಬ್ಯಾಟನ್ ರೂಜ್ ಅನ್ನುವ ಊರಿನ ಕಡೆ ಹೋದರೆ ಜೀವ ಉಳಿಯುತ್ತದೆ, ಹ್ಯೂಸ್ಟನ್ ಅನ್ನುವ ಊರಿನಲ್ಲಿ ನೆರವು ಬೇಕಾಗಿದೆ. ಅವಳು ಕಾರು ನಿಲ್ಲಿಸಿ, ಹ್ಯೂಸ್ಟನ್ ಕಡೆ ತಿರುಗಿಸುತ್ತಾಳೆ.

ಮುಗಿದ ಮೇಲೆ ‘ಕೊನೆ ಹೆಂಗಿತ್ತು?’ ಅಂತ ಕೇಳಬೇಡಿ, ಎಲ್ಲರೂ ನೌಕೆಯ ಗ್ರಾಫಿಕ್ಸ್ ಹಿಡಿದು ಕೂರುತ್ತಾರೆ. ‘ಮೊದಲ ಸೀನಿನ ಮಿಶೆಲ್ ಆಗಿದ್ದರೆ ಯಾವ ಕಡೆ ಹೋಗತಿದ್ದಳು?’ ಅಂತ ಕೇಳಿ. ಇದಕ್ಕೆ ಅವ್ವಂದಿರೇ ಮೊದಲು ಬಾಯಿ ಬಿಡುತ್ತಾರೆ.