ಎರಡನೇ ಮಹಡಿಯ ಹದಿನೆಂಟು ಹುಡುಗಿಯರು

ಕಲಬುರಗಿಯ ನಮ್ಮ ಕಾಲೇಜಿನ ಹೆಣ್ಮಕ್ಕಳ ಹಾಸ್ಟೆಲ್‌ಗೆ ನಾನು ವಾರ್ಡನ್. ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಜವಾಬ್ದಾರಿಯೂ ನನ್ನದೇ. ವರ್ಷಕ್ಕೆ 120 ಗಂಟೆ ಸೇವೆ, ಮೇಲೆ ಏಳು ದಿನದ ಶಿಬಿರ. ಶಿಬಿರದಲ್ಲಿ ಗುಡಿ ಮುಂದೆ ಕಸ ಗುಡಿಸುತ್ತಿದ್ದೆವು, ಫೋಟೊ ತೆಗೆಸಿಕೊಳ್ಳುತ್ತಿದ್ದೆವು. ಎಂಟನೇ ದಿನ ಊರು ನಮ್ಮನ್ನು ಮರೆಯುತ್ತಿತ್ತು, ನಾವು ಊರನ್ನು.

ಅದಕ್ಕೇ ಎನ್‌ಎಸ್‌ಎಸ್ ಹುಡುಗಿಯರು ಒಟ್ಟಿಗೆ ಇರಲಿ ಅಂತ ಹಾಸ್ಟೆಲ್‌ನ ಎರಡನೇ ಮಹಡಿ ಬಿಡಿಸಿಕೊಂಡೆ. ಆರು ರೂಮು, ರೂಮಿಗೆ ಮೂವರು: ಬಿಎ, ಬಿಕಾಂ, ಬಿಎಸ್ಸಿ ಒಬ್ಬೊಬ್ಬರು. ಗೆಳತಿಯರನ್ನು ಬೇರೆ ಮಾಡಿದೆ ಅಂತ ಎರಡು ದಿನ ಎಲ್ಲರ ಮುಖ ಊದಿತ್ತು. ಸೇವೆಗೆ ವರ್ಷಪೂರ್ತಿ ಹೋಗುವುದು ಒಂದೇ ಊರಿಗೆ, ಆಳಂದ ರಸ್ತೆಯಲ್ಲಿ. 2023ರಲ್ಲಿ ಶಕ್ತಿ ಯೋಜನೆ ಬಂದಿದ್ದು ನಮ್ಮ ಪುಣ್ಯ, ಬಸ್ ಖರ್ಚೇ ಇಲ್ಲ.

ಮೊದಲ ತಪ್ಪು ನನ್ನದು. ಡಿಸೆಂಬರ್‌ನ ಒಂದು ಶನಿವಾರ ಮಧ್ಯಾಹ್ನ ಹೋದರೆ ಮನೆಮನೆಗೂ ಬೀಗ. ತೊಗರಿ ರಾಶಿಯ ಕಾಲ! ಇಲ್ಲೇ ಹುಟ್ಟಿ ಬೆಳೆದವಳಿಗೆ ಅಷ್ಟೂ ಹೊಳೆಯಲಿಲ್ಲ ನೋಡಿ. ಕಟ್ಟೆ ಮೇಲಿದ್ದ ಮುತ್ಯಾ ನಕ್ಕರು: "ಸಂಜಿಗಿ ಬರ್ರಿ. ಹಗಲಾಗ ಯಾರ್ ಸಿಗ್ತಾರ?" ಸಂಜೆ ಹೋದರೆ ಹುಡುಗಿಯರನ್ನು ಕತ್ತಲಲ್ಲಿ ಕರೆತರಬೇಕು. ಕೊನೆಗೆ ಶನಿವಾರ ರಾತ್ರಿ ಊರಿನ ಶಾಲೆಯಲ್ಲೇ ಮಲಗುವುದು ಅಂತಾಯಿತು. ಹದಿನೆಂಟು ಮನೆಯಿಂದ ಒಪ್ಪಿಗೆ ಪತ್ರ ತರಿಸುವಷ್ಟರಲ್ಲಿ ಸಾಕುಬೇಕಾಯಿತು.

ನಾವು ಸ್ವಚ್ಛತೆ ಬಗ್ಗೆ ಹೇಳಲು ತಯಾರಾಗಿ ಹೋಗಿದ್ದೆವು. ಒಬ್ಬ ಆಯಿ ಸುಮ್ನೆ ಕೇಳಿಸಿಕೊಂಡು, ಪ್ಲಾಸ್ಟಿಕ್ ಚೀಲ ಬಿಚ್ಚಿ ಪಾಸ್‌ಬುಕ್ ಮುಂದಿಟ್ಟರು. ಅಂಚೆಲ್ಲ ಎಣ್ಣೆ ಜಿಡ್ಡು. ಮೂರು ತಿಂಗಳಿಂದ ಸಂಧ್ಯಾ ಸುರಕ್ಷಾ, ಅಂದರೆ ವಯಸ್ಸಾದವರಿಗೆ ಸರ್ಕಾರ ಕೊಡುವ ಪಿಂಚಣಿ, ಬಂದಿಲ್ಲ. ಬಿಕಾಂ ಹುಡುಗಿ ಹಾಳೆ ತಿರುವಿ, "ಆಯಿ, ಮತ್ತೊಂದು ಬ್ಯಾಂಕಿನಾಗ ಖಾತಾ ಅದ ಏನು?" ಎಂದಳು. ಇತ್ತು! ಆಧಾರ್ ಕೊನೆಗೆ ಯಾವ ಖಾತೆಗೆ ಜೋಡಿಸಿದೆಯೋ ಹಣ ಅಲ್ಲಿಗೇ ಹೋಗುತ್ತದೆ. ಮೂರು ತಿಂಗಳದ್ದೂ ಅಲ್ಲೇ ಕೂತಿತ್ತು. ಮುಂದಿನ ಶನಿವಾರ ಹನ್ನೊಂದು ಜನ ಪಾಸ್‌ಬುಕ್ ಹಿಡಿದು ಕಾಯುತ್ತಿದ್ದರು. ಸ್ವಚ್ಛತೆಯ ಚಾರ್ಟು ಇನ್ನೂ ನನ್ನ ಬೀರುವಿನಲ್ಲಿದೆ.

ಆದರೆ ಒಂದೇ ಮಹಡಿಯಲ್ಲಿ ಇಟ್ಟಿದ್ದು ಯಾಕೆ ಅಂದರೆ, ಭಾನುವಾರ ರಾತ್ರಿಗಾಗಿ. ಊಟ ಆದ ಮೇಲೆ ವರಾಂಡದಲ್ಲಿ ಚಾಪೆ ಹಾಸಿ ಕೂರುತ್ತೇವೆ. ವರದಿ ಬೇಡ, ಕಂಡಿದ್ದು ಹೇಳಬೇಕು, ಅದು ಪಾಠದಲ್ಲಿ ಎಲ್ಲಿ ಬರುತ್ತದೆ ಹುಡುಕಬೇಕು. ಮೊದಮೊದಲು ಆಕಳಿಕೆಯೇ ಜಾಸ್ತಿ. ಆಯಿಯ ಪಾಸ್‌ಬುಕ್ ನೋಡಿ ಬಂದ ಭಾನುವಾರ ಮಾತ್ರ ಸೇಡಂ ಕಡೆಯ ಹುಡುಗಿ, "ನಮ್ಮವ್ವನ ಪಾಸ್‌ಬುಕ್ ನಾ ಒಮ್ಮಿನೂ ತಗದು ನೋಡಿಲ್ರಿ ಮೇಡಂ" ಎಂದಳು. ಬಿಎ ಹುಡುಗಿ, "ಖಾತಾ ಬದಲಾಗೇದ ಅಂತ ಆಯಿಗಿ ಯಾಕ ಯಾರೂ ಹೇಳಿಲ್ಲ?" ಎಂದು ಕೆದಕಿದಳು. ರಾತ್ರಿ ಹನ್ನೆರಡಾದರೂ ಯಾರೂ ಏಳಲಿಲ್ಲ. ಮರುದಿನ ನನ್ನ ಮೊದಲ ಕ್ಲಾಸಿಗೆ ಅರ್ಧ ಜನ ಬರಲಿಲ್ಲ, ಅದು ಬೇರೆ ಮಾತು.

ಈಗ ಗಂಡುಮಕ್ಕಳ ಹಾಸ್ಟೆಲ್‌ನವರೂ ತಮಗೂ ಹೀಗೇ ಬೇಕು ಅಂತ ಕೇಳುತ್ತಿದ್ದಾರೆ. ಅವರ ಬಸ್ ಟಿಕೆಟ್ ದುಡ್ಡು ಎಲ್ಲಿಂದ ತರುವುದು ಅಂತ ಲೆಕ್ಕ ಹಾಕುತ್ತಿದ್ದೇನೆ.