ಪಕ್ಕದ ಮನೆಯವರೂ ಶುರುಮಾಡುವಂಥ ಗೊಬ್ಬರದ ಡ್ರಮ್ಮು

ಅಡುಗೆಮನೆ ಕಸದಿಂದ ಗೊಬ್ಬರ ಮಾಡಿ ಎಂದು ಅಕ್ಕಪಕ್ಕದವರಿಗೆ ಎಷ್ಟು ಹೇಳಿದರೂ ತಲೆಯಾಡಿಸಿ ಸುಮ್ಮನಾಗುತ್ತಾರೆ. ನಾಲ್ಕಾರು ತಿಂಗಳು ನಿಮ್ಮ ಗೇಟಿನ ಪಕ್ಕ ವಾಸನೆಯೇ ಇಲ್ಲದ ಡ್ರಮ್ಮೊಂದು ಕೂತಿದ್ದರೆ ಅವರೇ ಬಂದು ಮುಚ್ಚಳ ತೆಗೆದು ಬಗ್ಗಿ ನೋಡುತ್ತಾರೆ. ಹಿತ್ತಲಲ್ಲಿ ಬಚ್ಚಿಟ್ಟರೆ ಯಾರ ಕಣ್ಣಿಗೂ ಬೀಳದು. ಎದುರಿಗಿಟ್ಟು ನಾರಿಸಿದಿರೋ, ಆಮೇಲೆ ಆ ಬೀದಿಯಲ್ಲಿ ಯಾರೂ ಅದರ ಗೋಜಿಗೆ ಹೋಗುವುದಿಲ್ಲ. ಆದ್ದರಿಂದ ನಾರದಂತೆ ನೋಡಿಕೊಳ್ಳುವುದೇ ಇಲ್ಲಿ ಮುಕ್ಕಾಲು ಕೆಲಸ.

ಮುಚ್ಚಳವಿರುವ 40ರಿಂದ 50 ಲೀಟರಿನ ಎರಡು ಪ್ಲಾಸ್ಟಿಕ್ ಡ್ರಮ್ಮು ಬೇಕು. ಒಂದು ತುಂಬಿ ಮಾಗುತ್ತಿರುವಾಗ ಇನ್ನೊಂದಕ್ಕೆ ಹಾಕುತ್ತಾ ಹೋಗಬಹುದು. ಮನೆಯಲ್ಲಿ ಜನ ಜಾಸ್ತಿಯಿದ್ದರೆ ಮೂರನೆಯದೂ ಇರಲಿ. ಸುತ್ತಲೂ 10 ಸೆಂ.ಮೀ.ಗೊಂದರಂತೆ 6ರಿಂದ 8 ಮಿ.ಮೀ. ತೂತು ಕೊರೆಯಿರಿ, ತಳಕ್ಕೂ ಏಳೆಂಟು ಇರಲಿ. ಒಳಗಿನಿಂದ ಸೊಳ್ಳೆ ಪರದೆಯ ತುಂಡು ಅಂಟಿಸದಿದ್ದರೆ ಇದೇ ತೂತುಗಳಲ್ಲಿ ನೊಣ ನುಗ್ಗುತ್ತದೆ. ಡ್ರಮ್ಮನ್ನು ನೆರಳಿನಲ್ಲಿ, ಮಳೆನೀರು ಬೀಳದ ಕಡೆ, ಇಟ್ಟಿಗೆಗಳ ಮೇಲೆ ಕೂರಿಸಿ, ಕೆಳಗೊಂದು ತಟ್ಟೆ ಇಡಿ. ತಳದಲ್ಲಿ ಒಂದು ಗೇಣು ಒಣಕಡ್ಡಿ ಹರಡಿದರೆ ಗಾಳಿಯಾಡುತ್ತದೆ.

ಇನ್ನು ಹಾಕುವ ಲೆಕ್ಕ. ಒಂದು ಬಟ್ಟಲು ಹಸಿ ಕಸಕ್ಕೆ ಎರಡರಿಂದ ಮೂರು ಬಟ್ಟಲು ತರಗೆಲೆ. ಇದು ತೂಕವಲ್ಲ, ಅಳತೆ. ಸಿಪ್ಪೆ, ತೊಟ್ಟುಗಳನ್ನು ಎರಡು ಬೆರಳಗಲಕ್ಕೆ ಕತ್ತರಿಸಿ ಹಾಕಿ, ಮೇಲೆ ತರಗೆಲೆಯಿಂದ ಪೂರ್ತಿ ಮುಚ್ಚಿ. ಒಂದು ಸಿಪ್ಪೆಯ ಅಂಚೂ ಇಣುಕಬಾರದು, ಹಣ್ಣಿನ ನೊಣಕ್ಕೆ ಅಷ್ಟೇ ಸಾಕು. ವಾರಕ್ಕೆರಡು ಸಲ ಕೋಲಿನಿಂದ ಬುಡಮೇಲು ಮಾಡಿ. ಮಾಂಸ, ಮೀನು, ಎಣ್ಣೆಜಿಡ್ಡು, ಹಾಲಿನ ಪದಾರ್ಥ ಬೇಡ. ಬೀಜ ಕಟ್ಟಿದ ಕಳೆಯೂ ಬೇಡ: ದೊಡ್ಡ ರಾಶಿಯೊಳಗೆ 55–60 ಡಿಗ್ರಿ ಶಾಖ ಹುಟ್ಟಿ ಬೀಜ ಸಾಯುತ್ತದೆ, ಇಷ್ಟು ಸಣ್ಣ ಡ್ರಮ್ಮು ಸಾಮಾನ್ಯವಾಗಿ ಅಷ್ಟು ಕಾಯುವುದಿಲ್ಲ.

ತೇವ ಸರಿಯಿದೆಯೇ ಎಂದು ತಿಳಿಯಲು ಮಧ್ಯದಿಂದ ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಿದರೆ ಸರಿ. ನೀರು ಧಾರೆಯಾಗಿ ಇಳಿದರೆ ತರಗೆಲೆ ಸೇರಿಸಿ ಕಲಕಿ. ಮುಷ್ಟಿ ಬಿಚ್ಚಿದೊಡನೆ ಪುಡಿಪುಡಿಯಾಗಿ ಉದುರಿದರೆ ನೀರು ಚಿಮುಕಿಸಿ. ಒಣಗಿದ ಡ್ರಮ್ಮು ನಾರುವುದಿಲ್ಲ ನಿಜ, ಆದರೆ ಕೊಳೆಯುವ ಕೆಲಸವೂ ಅಲ್ಲಿಗೇ ನಿಂತಿರುತ್ತದೆ.

ಕೆಟ್ಟಿದ್ದು ಏನೆಂದು ಮೂಗೇ ಹೇಳುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ಗಾಳಿಯಿಲ್ಲ, ನೀರು ಹೆಚ್ಚಾಗಿದೆ. ತರಗೆಲೆ ಬೆರೆಸಿ, ತಳದ ತೂತು ಕಟ್ಟಿಕೊಂಡಿದೆಯೇ ನೋಡಿ. ಮೂಗಿಗೆ ಚುರ್ ಎನ್ನುವ ಅಮೋನಿಯಾ ವಾಸನೆಯಾದರೆ ಹಸಿ ಕಸದ ಪಾಲು ಜಾಸ್ತಿ, ಅಂದರೆ ಸಾರಜನಕ ಮಿತಿಮೀರಿ ಗಾಳಿಗೆ ಹೋಗುತ್ತಿದೆ. ಅದಕ್ಕೂ ತರಗೆಲೆಯೇ ಮದ್ದು. ತಟ್ಟೆಗೆ ತೊಟ್ಟಿಕ್ಕಿದ ಕಂದು ನೀರನ್ನು ನೇರವಾಗಿ ಗಿಡಕ್ಕೆ ಹಾಕಬೇಡಿ, ಒಣಗಿದ ಪದರದ ಮೇಲೆ ವಾಪಸು ಸುರಿಯಿರಿ. ತಟ್ಟೆಯಲ್ಲೇ ಬಿಟ್ಟರೆ ಸೊಳ್ಳೆ ಮೊಟ್ಟೆಯಿಡುತ್ತದೆ. ನಿಂತ ನೀರಿನಲ್ಲಿ ಮೊಟ್ಟೆ ಸೊಳ್ಳೆಯಾಗಲು ಬೆಚ್ಚನೆಯ ದಿನಗಳಲ್ಲಿ ಒಂದೂವರೆ ವಾರ ಸಾಕು, ದೂರು ಬರುವುದು ಅದಕ್ಕೇ. ಒಳಗೆ ಕಂದುಬಣ್ಣದ ದಪ್ಪ ಹುಳು ಮಿಜಿಗುಟ್ಟುವುದನ್ನು ಕಂಡು ಗಾಬರಿಯಾಗುವುದು ಬೇಡ. ಸೈನಿಕ ನೊಣ (ಬ್ಲ್ಯಾಕ್ ಸೋಲ್ಜರ್ ಫ್ಲೈ) ಎಂಬ ಜಾತಿಯ ನೊಣದ ಮರಿಗಳಾದರೆ ಅವು ಕಸವನ್ನು ಬೇಗ ತಿಂದು ಮುಗಿಸುತ್ತವೆ. ನೋಡಲು ಬಂದವರಿಗೆ ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ.

ಇಷ್ಟೊಂದು ತರಗೆಲೆ ಎಲ್ಲಿಂದ? ಪಕ್ಕದ ಮನೆಯಿಂದಲೇ ಕೇಳಿ. ಎಷ್ಟೋ ಜನ ಅದನ್ನು ಗುಡಿಸಿ ಸುಡುತ್ತಾರೆ. "ಸುಡಬೇಡಿ" ಎಂದರೆ ಮುಖ ಗಂಟಿಕ್ಕುತ್ತಾರೆ, "ನಮಗೆ ಒಂದು ಚೀಲ ಬೇಕಿತ್ತಲ್ಲ" ಎಂದರೆ ಖುಷಿಯಿಂದ ತುಂಬಿಸಿ ಕೊಡುತ್ತಾರೆ. ಬೋಧನೆಗಿಂತ ಈ ಒಂದು ಚೀಲ ಎಷ್ಟೋ ಮೇಲು, ಏಕೆಂದರೆ ನಿಮ್ಮ ಡ್ರಮ್ಮಿನಲ್ಲಿ ಈಗ ಅವರದೂ ಪಾಲಿದೆ.

ಡ್ರಮ್ಮು ತುಂಬಿದ ಮೇಲೆ ಎರಡರಿಂದ ಮೂರು ತಿಂಗಳು ಬಿಡಿ. ಕಪ್ಪಗೆ, ಉದುರುದುರಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಆಯಿತು. ಅನುಮಾನವಿದ್ದರೆ ಒದ್ದೆ ಮಾಡಿದ ಒಂದು ಹಿಡಿಯನ್ನು ಕವರಿನಲ್ಲಿ ಕಟ್ಟಿ ಮೂರು ದಿನ ಇಟ್ಟು ಮೂಸಿ. ಹುಳಿ ವಾಸನೆ ಇದ್ದರೆ ಇನ್ನೂ ಮಾಗಿಲ್ಲ. ಅರೆಮಾಗಿದ ಗೊಬ್ಬರ ಹಾಕಿದರೆ ಅದು ಕೊಳೆಯುವುದಕ್ಕೇ ಮಣ್ಣಿನ ಸಾರಜನಕ ಖರ್ಚಾಗಿ ಗಿಡದ ಎಲೆ ಹಳದಿಯಾಗುತ್ತದೆ.

ಎಲೆ ಕೊಟ್ಟವರಿಗೆ ಬರೀ ಗೊಬ್ಬರ ಕೊಡುವ ಬದಲು ಬೇರು ಬಿಟ್ಟ ಗಿಡ ಕೊಡಿ. ದಾಸವಾಳದ ಪೆನ್ಸಿಲ್ ದಪ್ಪದ 15 ಸೆಂ.ಮೀ. ಕಡ್ಡಿಯನ್ನು ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ತುದಿಯ ಎರಡೆಲೆ ಉಳಿಸಿ, ಎರಡು ಗೆಣ್ಣು ಮುಳುಗುವಂತೆ ನೆಡಿ. ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಜರಡಿ ಹಿಡಿದ ಗೊಬ್ಬರ ಸಾಕು. ಮೆಲ್ಲಗೆ ಎಳೆದಾಗ ಕಡ್ಡಿ ಬಿಗಿಯಾಗಿ ನಿಂತರೆ ಬೇರು ಬಂದಿದೆ. ಒಂದರಿಂದ ಎರಡು ತಿಂಗಳು ಹಿಡಿಯುತ್ತದೆ. ಬರೀ ಕಡ್ಡಿ ಕೊಟ್ಟರೆ ಅದು ಒಣಗಿ, "ನಮ್ಮ ಕೈಗುಣವೇ ಸರಿಯಿಲ್ಲ" ಎಂದು ಅಲ್ಲಿಗೆ ಬಿಟ್ಟುಬಿಡುತ್ತಾರೆ.

ಅವರು ತಮ್ಮದೇ ಡ್ರಮ್ಮು ತಂದ ದಿನ ನಿಮ್ಮ ಅರೆಮಾಗಿದ ಗೊಬ್ಬರ ಅರ್ಧ ಬಕೆಟ್ ಕೊಡಿ. ಹಾಲಿಗೆ ಹೆಪ್ಪು ಹಾಕಿದಂತೆ ಅದರಲ್ಲಿರುವ ಸೂಕ್ಷ್ಮಜೀವಿಗಳು ಕೆಲಸಕ್ಕೆ ಹತ್ತುತ್ತವೆ. ಮೊದಲ ಕೆಲವು ವಾರ ಒಳಗೆ ಏನೂ ಆದಂತೆ ಕಾಣದೆ ಕೈಬಿಡುವವರು ಬಹಳ, ಹಾಗಾಗಿ ಹಿಂಡಿ ನೋಡುವುದನ್ನು ಅವತ್ತೇ ಅವರ ಕೈಯಲ್ಲೇ ಮಾಡಿಸಿ.